ಕರೆಂಟ್ ಪಾವಗಡದ್ದು, ಕೆಲಸ ಪೀಣ್ಯದಲ್ಲಿ ಯಾಕೆ?

ಓದುಗರ ಪತ್ರ: ಇಂಧನ ಕ್ಷೇತ್ರಕ್ಕೆ ಬಂಡವಾಳ ಬಂದರೆ ಹಿಂದುಳಿದ ಜಿಲ್ಲೆಗಳು ಮೇಲೆ ಬರುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ನಮ್ಮದು ಪಾವಗಡ ತಾಲ್ಲೂಕು. ಅಣ್ಣನ ಜಮೀನು ಸೋಲಾರ್ ಪಾರ್ಕಿಗೆ ಹೋಗಿದೆ, ಬಾಡಿಗೆ ಬರುತ್ತಿದೆ. ಆದರೂ ಮನೆಯ ಹುಡುಗರೆಲ್ಲ ಕೆಲಸಕ್ಕೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೇ ಬಂದಿದ್ದಾರೆ. ಹಾಗಾದರೆ ಊರಿಗೆ ಬಂದಿದ್ದೇನು? ಈಗ ಉಳಿದ ಜಮೀನನ್ನೂ ಕೇಳುತ್ತಿದ್ದಾರೆ. ಕೊಡಬೇಕಾ, ಬೇಡವಾ?
– ಓದುಗರು, ದಾಸರಹಳ್ಳಿ, ಬೆಂಗಳೂರು

ಸಂಪಾದಕರ ಉತ್ತರ:

ನಮಸ್ಕಾರ. ಆ ಲೇಖನ ಇಡೀ ರಾಜ್ಯದ ಲೆಕ್ಕ ಹೇಳಿತ್ತು, ನೀವು ಕೇಳಿರುವುದು ಊರಿನ ಲೆಕ್ಕ. ಕರೆಂಟ್ ಹುಟ್ಟಿದ ಮಾತ್ರಕ್ಕೆ ಆ ಊರು ಬೆಳೆಯುವುದಿಲ್ಲ. ಅದನ್ನು ಬಳಸಿ ದುಡಿಯುವ ಜಾಗ ಬೆಳೆಯುತ್ತದೆ.

ಇದು ಹಳೇ ಕಥೆ. 1902ರಲ್ಲಿ ಶಿವನಸಮುದ್ರದ ಕರೆಂಟ್ ಹೋಗಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿದವು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಇಲ್ಲಿಗೇ ಬಂದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ಶರಾವತಿಯ ಬೆಳಕು ರಾಜ್ಯಕ್ಕೆಲ್ಲ ಸಿಕ್ಕಿತು. ಆದರೆ ಮುಳುಗಡೆಯಾದ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ರಾಯಚೂರಿನ ಶಕ್ತಿನಗರದಲ್ಲಿ ಉಷ್ಣ ಸ್ಥಾವರ ಶುರುವಾಗಿದ್ದು 1985ರಲ್ಲಿ, ಈಗ ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಅದೇ ಜಿಲ್ಲೆಯ ಜನ ಗುಳೆ ಬಂದು ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಇದನ್ನು ನೋಡಿಯೂ ಸುಮ್ಮನಿರುವುದು ನಮ್ಮಿಂದ ಆಗುವುದಿಲ್ಲ.

ಯಾಕೆ ಹೀಗೆ? ಕರೆಂಟ್ ತಂತಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ದರವೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಪಾವಗಡದ ಪ್ಯಾನೆಲ್ ಪಕ್ಕದಲ್ಲೇ ಕಾರ್ಖಾನೆ ಹಾಕಿದರೂ ಕರೆಂಟ್ ಅಗ್ಗಕ್ಕೆ ಸಿಗುವುದಿಲ್ಲ. ಹಾಗಿದ್ದಾಗ ಮಾಲೀಕ ಅಲ್ಲಿಗೆ ಯಾಕೆ ಹೋಗುತ್ತಾನೆ? ಪೀಣ್ಯದಲ್ಲಾದರೆ ಬಿಡಿಭಾಗ ಪಕ್ಕದ ಬೀದಿಯಲ್ಲೇ ಸಿಗುತ್ತದೆ. ರಿಪೇರಿಯವರು ಫೋನ್ ಮಾಡಿದ ತಕ್ಷಣ ಬರುತ್ತಾರೆ. ಅವನಿಗೆ ಬೇಕಿರುವುದು ಕೈಕೊಡದ ಕರೆಂಟ್. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರದಲ್ಲಿ ಜಾಬ್ ಅರ್ಧ ಆಗಿರುವಾಗ ಕರೆಂಟ್ ಹೋದರೆ ಎಷ್ಟೋ ಸಲ ಆ ಪೀಸ್ ಗುಜರಿಗೇ. ಟೂಲ್ ಮುರಿದರೆ ಅದರ ಖರ್ಚು ಬೇರೆ. ಜನರೇಟರ್ ಹಾಕಿದರೆ ಡೀಸೆಲ್‌ನಲ್ಲೇ ಲಾಭ ಸುಟ್ಟುಹೋಗುತ್ತದೆ. ಹಳ್ಳಿಗೆ ಕರೆಂಟ್ ತರುವ ಫೀಡರ್ ಲೈನ್ ನಂಬಿಕೊಂಡು ಯಾರೂ ಆ ಯಂತ್ರ ತರುವುದಿಲ್ಲ, ಅಲ್ವಾ?

ಇನ್ನು ಪಾವಗಡ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಕಟ್ಟುವಾಗ ಸಾವಿರಾರು ಜನಕ್ಕೆ ಕೆಲಸ ಇತ್ತು. 2019ರ ಕೊನೆಗೆ ಕಟ್ಟಿ ಮುಗಿಯಿತು, ಕೆಲಸವೂ ಮುಗಿಯಿತು. ಪ್ಯಾನೆಲ್ ತೊಳೆಯಲು, ಹುಲ್ಲು ಕೀಳಲು, ಕಾವಲಿಗೆ ಒಂದಿಷ್ಟು ಜನ ಉಳಿದರು. ಭೂಮಿ ಇದ್ದವರಿಗೆ ಒಳ್ಳೆಯದೂ ಆಗಿದೆ, ಅದನ್ನು ಮರೆಯಬಾರದು. ಮಳೆ ನಂಬಿ ಶೇಂಗಾ ಹಾಕಿ ಸೋತವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಖಾತ್ರಿಯಾಗಿ ಬರುವುದೆಂದರೆ ದೊಡ್ಡ ಮಾತು. ಮಾರಾಟ ಮಾಡಿಸದೆ ಗುತ್ತಿಗೆಗೆ ಪಡೆದದ್ದು ಆ ಯೋಜನೆಯ ಅತ್ಯುತ್ತಮ ನಿರ್ಧಾರ. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಭೂಮಿ ಇಲ್ಲದ ಹೆಂಗಸರ ಹೆಸರು ಪಹಣಿಯಲ್ಲಿ ಇರಲಿಲ್ಲ. ಅವರಿಗೆ ಬಾಡಿಗೆ ಇಲ್ಲ, ಕೂಲಿಯೂ ಹೋಯಿತು. ನಮ್ಮನ್ನು ಜಾಸ್ತಿ ಕಾಡುವುದು ಅವರ ವಿಚಾರ.

ಬಾಡಿಗೆಯ ಲೆಕ್ಕವನ್ನೂ ಅಣ್ಣನ ಜೊತೆ ಕೂತು ನೋಡಿ. ಎರಡು ವರ್ಷಕ್ಕೊಮ್ಮೆ ಏರುವುದು ಶೇ. 5 ಮಾತ್ರ. ಹತ್ತು ವರ್ಷವಾದರೂ 21,000 ಇದ್ದದ್ದು ಸುಮಾರು 26,800 ಆಗುತ್ತದೆ. ಅಷ್ಟರಲ್ಲಿ ಅಕ್ಕಿ, ಬೇಳೆ, ಸ್ಕೂಲ್ ಫೀಸು ಎಷ್ಟು ಏರುತ್ತದೆ ಅಂತ ನಿಮಗೇ ಗೊತ್ತು. ಕೈಗೆ ಬರುವ ನೋಟು ಹೆಚ್ಚುತ್ತದೆ, ಅದಕ್ಕೆ ಸಿಗುವ ಸಾಮಾನು ಕಡಿಮೆಯಾಗುತ್ತದೆ.

ಬಂಡವಾಳ ಬೇಡ ಎಂದು ನಾವು ಹೇಳುವುದಿಲ್ಲ. ಊರಿನ ಪಾಲು ಕಾಗದದಲ್ಲಿ ಬರಬೇಕು, ಅಷ್ಟೇ. ಕೇಂದ್ರದ 2008ರ ಜಲವಿದ್ಯುತ್ ನೀತಿಯಲ್ಲಿ ಯೋಜನೆ ಇರುವ ರಾಜ್ಯಕ್ಕೆ ಶೇ. 12 ಉಚಿತ ವಿದ್ಯುತ್ ಇದೆ, ಅದರ ಮೇಲೆ ಸ್ಥಳೀಯ ಅಭಿವೃದ್ಧಿಗೆ ಇನ್ನೂ ಶೇ. 1 ಇದೆ. ನೀರಿಗೆ ಒಪ್ಪಿದ ಮಾತನ್ನು ಬಿಸಿಲಿಗೂ ಒಪ್ಪಬೇಕು. ಆ ದುಡ್ಡಿನಲ್ಲಿ ಹಳ್ಳಿಗೆ ಗಟ್ಟಿ ತ್ರೀ ಫೇಸ್ ಲೈನ್ ಎಳೆಯಲಿ, ಎಣ್ಣೆ ಗಾಣಕ್ಕೆ, ಶೈತ್ಯಾಗಾರಕ್ಕೆ, ಸಣ್ಣ ವರ್ಕ್‌ಶಾಪ್‌ಗೆ ದರದಲ್ಲಿ ರಿಯಾಯಿತಿ ಕೊಡಲಿ. ರೈತರಿಗೆ ಸೋಲಾರ್ ಕರೆಂಟ್ ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸಣ್ಣ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್‌ಗೆ ಹಗಲು ಕರೆಂಟ್ ಕೊಡುವ ದಾರಿ ಇದೆ. ರಾತ್ರಿ ಹೊತ್ತು ಹಾವಿಗೆ ಹೆದರಿಕೊಂಡು ನೀರು ಕಟ್ಟುವವರಿಗೆ ಅದರ ಬೆಲೆ ಗೊತ್ತು.

ಉಳಿದ ಜಮೀನಿನ ವಿಚಾರ. ಕೊಳವೆಬಾವಿಯಲ್ಲಿ ನೀರಿದ್ದರೆ ಅದನ್ನು ಕೊಡಬೇಡಿ. ಬರಡು ನೆಲವಾದರೆ ಗುತ್ತಿಗೆಗೆ ಕೊಡಬಹುದು, ಕ್ರಯಕ್ಕೆ ಮಾತ್ರ ಬೇಡ. ಬಾಡಿಗೆ ಬೆಲೆಯೇರಿಕೆಯ ಜೊತೆಗೇ ಏರಬೇಕು, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ತೆಗೆದು ನೆಲ ಹಸನು ಮಾಡಿಕೊಡಬೇಕು ಎಂದು ಕರಾರಿನಲ್ಲೇ ಬರೆಸಿ. ಒಬ್ಬರೇ ಹೋಗಿ ಸಹಿ ಹಾಕಬೇಡಿ. ಅಕ್ಕಪಕ್ಕದ ಹೊಲದವರನ್ನೆಲ್ಲ ಸೇರಿಸಿಕೊಂಡು ಮಾತಾಡಿ. ಕೂಲಿ ಹೋಗುವ ಹೆಂಗಸರನ್ನೂ ಆ ಮಾತುಕತೆಗೆ ಕರೆಯಿರಿ. ಕರಾರಿನ ಕರಡು ಕೈಗೆ ಬಂದಾಗ ನಮಗೂ ಒಂದು ಪ್ರತಿ ಕಳಿಸಿ. ಭೂವ್ಯವಹಾರ ಬಲ್ಲ ವಕೀಲರಿಂದ ಓದಿಸಿ, ಅವರ ಮಾತನ್ನು ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.