ಟ್ಯೂಬ್ ಎಳೆಯುವ ಬೋಟಿಗೆ ಯಾವ ಪಿಚ್?

ಮುನಿರಾಬಾದ್ ಹತ್ತಿರ ತುಂಗಭದ್ರಾ ಹಿನ್ನೀರಿನಲ್ಲಿ ಟ್ಯೂಬ್ (ಜನ ಕೂತು ಹೋಗೋ ಗಾಳಿ ತುಂಬಿದ ತೇಲುಬಳೆ) ಎಳೆಯೋಕೆ ಪ್ರೊಪೆಲ್ಲರ್‌ಗೆ 19 ಇಂಚಿನ ಪಿಚ್ ಸಾಕಾ, 17 ಹಾಕಬೇಕಾ ಅಂತ ಕೇಳಿದ್ದೀರಿ. ಬೋಟಲ್ಲಿ ಜನ ಇದ್ದಾಗ ವೇಗ ಹಿಡಿದು ನೀರಿನ ಮೇಲಕ್ಕೆ ಏಳೋಕೆ ತಿಣುಕುತ್ತೆ ಅಂದಿದ್ದೀರಲ್ವಾ, ಹಾಗಾದ್ರೆ ನನ್ನ ಓಟು 17ಕ್ಕೆ.

ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ಎಷ್ಟು ಇಂಚು ಮುಂದೆ ಹೋಗಬೇಕೋ ಅದೇ ಪಿಚ್. ಸೈಕಲ್ ಗೇರ್ ಇದ್ದ ಹಾಗೆ: ಕಡಿಮೆ ಇದ್ದರೆ ಎಳೆತ ಜಾಸ್ತಿ, ಹೆಚ್ಚಿದ್ದರೆ ಓಟ ಜಾಸ್ತಿ.

ಸುಮ್ನೆ ಊಹೆ ಮೇಲೆ ಕೊಳ್ಳಬೇಡಿ. ಯಾವಾಗಲೂ ಹತ್ತುವಷ್ಟು ಜನರನ್ನ ಕೂರಿಸಿ, ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ) ನೋಡಿ. ಎಂಜಿನ್ ಪುಸ್ತಕದಲ್ಲಿ 5000–6000 ಅಂತಿದ್ದರೆ ಮೇಲಿನ ತುದಿಯ ಹತ್ತಿರ ಬರಬೇಕು. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150–200 ಆರ್‌ಪಿಎಂ ಏರುತ್ತೆ. ಈಗ 5400 ಬರ್ತಿದ್ದರೆ 17ರಲ್ಲಿ 5700–5800. ಈಗಲೇ 5900 ಇದ್ದರೆ ಮಾತ್ರ ಇಳಿಸಬೇಡಿ, ಮಿತಿ ದಾಟಿ ತಿರುಗಿದರೆ ಎಂಜಿನ್ ಹಾಳು. ಅದೇ ರೀತಿ ಮಿತಿಗಿಂತ ಕೆಳಗೆ ಉಸಿರುಕಟ್ಟಿ ಓಡಿಸೋದೂ ಕೆಟ್ಟದ್ದೇ.

ಇನ್ನೊಂದು, ಡ್ಯಾಂ ತುಂಬಿದಾಗ ನೀರು ಸಮುದ್ರಮಟ್ಟದಿಂದ 1633 ಅಡಿ ಎತ್ತರದಲ್ಲಿರುತ್ತೆ. ಗಾಳಿ ಸ್ವಲ್ಪ ತೆಳು, ಎಂಜಿನ್ ಬಲವೂ ಸ್ವಲ್ಪ ಕಮ್ಮಿ. ಕಡಲತೀರದ ಮಲ್ಪೆಯಲ್ಲಿ ಸರಿಹೋದ ಪ್ರೊಪೆಲ್ಲರ್ ಇಲ್ಲಿ ಭಾರ ಅನಿಸಬಹುದು.