ಸಂಪಾದಕರ ಉತ್ತರ: ನಾಲ್ಕೂವರೆಯ ನಂತರ ಮಕ್ಕಳು ಯಾರವರು?

ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಪತ್ರದ ಸಾರಾಂಶ ಇಷ್ಟು: ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಅವರ ಊರಿನ ಪ್ರೌಢಶಾಲೆಯ ಮಕ್ಕಳು ಜಾಥಾ ಹೊರಟರು, ಪೊಲೀಸ್ ಅಧಿಕಾರಿಯೊಬ್ಬರು ಭಾಷಣ ಮಾಡಿ, ಕೊಳೆತ ಶ್ವಾಸಕೋಶದ ಚಿತ್ರಗಳನ್ನು ತೋರಿಸಿದರು, ಎಲ್ಲರೂ ಬಲಗೈ ಮುಂದಕ್ಕೆ ಚಾಚಿ ಪ್ರತಿಜ್ಞೆ ಸ್ವೀಕರಿಸಿದರು. ಅದೇ ಸಂಜೆ ವಾಯುವಿಹಾರಕ್ಕೆ ಹೊರಟ ಮೇಷ್ಟ್ರು, ಶಾಲೆಯ ಹಿಂಗೋಡೆಯ ಮರೆಯಲ್ಲಿ ಒಂಬತ್ತನೆಯ ತರಗತಿಯ ಮೂವರು ಹುಡುಗರು ಪಂಕ್ಚರ್ ಅಂಗಡಿಯ ಸಲ್ಯೂಷನ್ ಎಂಬ ಅಂಟಿನ ಟ್ಯೂಬನ್ನು ಅಮಲಿಗಾಗಿ ಮೂಸುತ್ತ ಕುಳಿತಿದ್ದುದನ್ನು ಕಂಡರು. ಅವರಲ್ಲಿ ಒಬ್ಬ, ಬೆಳಿಗ್ಗೆ ಮೈಕಿನಲ್ಲಿ ಪ್ರತಿಜ್ಞಾವಿಧಿ ಬೋಧಿಸಿದ ಹುಡುಗ. ದುಶ್ಚಟ ನಿವಾರಣೆಯನ್ನು ಐವತ್ತು ಅಂಕಗಳ ಕಡ್ಡಾಯ ವಿಷಯವಾಗಿಸಬೇಕು, ಪಿಯು ಕಾಲೇಜುಗಳಲ್ಲಿ ಮೂತ್ರ ಪರೀಕ್ಷೆ ನಡೆಸಬೇಕು, ಸಿಕ್ಕಿಬಿದ್ದವರ ಕೈಗೆ ಟಿಸಿ ಕೊಡಬೇಕು ಎಂಬುದು ಅವರ ಸಲಹೆ. ಕಥೆ ಕವಿತೆಗಳಿಗೆ ಪುಟಗಟ್ಟಲೆ ಜಾಗ ಕೊಡುವ ನಾವು ಈ ವಿಷಯದಲ್ಲಿ ಏಕೆ ಮೌನವಾಗಿದ್ದೇವೆ ಎಂಬುದು ಅವರ ಪ್ರಶ್ನೆ.

ಮಾನ್ಯ ಮೇಷ್ಟ್ರೇ,

ನಿಮ್ಮ ಪತ್ರದಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ಇಂದು ನಮ್ಮ ಮೇಜಿಗೆ ಬರುವ ಬರಹಗಳ ಸ್ಥಿತಿ ಬಲ್ಲವರಿಗೆ ಇದು ಸಣ್ಣ ಮಾತಲ್ಲ. ನಿಮ್ಮ ಕೋಪವೂ ನನಗೆ ಅರ್ಥವಾಗುತ್ತದೆ. ಆದರೆ ನೀವು ಕಂಡದ್ದಕ್ಕೂ ನೀವು ಕೊಟ್ಟ ಸಲಹೆಗಳಿಗೂ ತಾಳೆಯಾಗುತ್ತಿಲ್ಲ. ಬೆಳಗಿನ ಪ್ರತಿಜ್ಞೆ ಸಂಜೆಯವರೆಗೂ ಬಾಳಲಿಲ್ಲ ಎಂಬುದನ್ನು ಕಣ್ಣಾರೆ ಕಂಡ ನೀವೇ, ಆ ಪ್ರತಿಜ್ಞೆಗೆ ಐವತ್ತು ಅಂಕಗಳನ್ನು ಸೇರಿಸಿದರೆ ಬಾಳೀತು ಎನ್ನುತ್ತಿದ್ದೀರಿ.

ಕಾನೂನು ಬೇಡವೆಂದು ನಾನು ವಾದಿಸುವವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಸುತ್ತ ತಂಬಾಕು ಮಾರಬಾರದೆಂದು 2003ರ ಕೇಂದ್ರ ಕಾಯ್ದೆ ಹೇಳುತ್ತದೆ. ತಂಬಾಕು ಕೊಳ್ಳುವ ವಯಸ್ಸನ್ನು ನಮ್ಮ ರಾಜ್ಯದ ತಿದ್ದುಪಡಿ ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಿದೆ. ಮಗುವಿನ ಕೈಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ ವಿಧಿಸಲು 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಅವಕಾಶವಿದೆ. ಇವೆಲ್ಲ ಇರಬೇಕು, ಜಾರಿಯೂ ಆಗಬೇಕು. ಆದರೆ ಗುಟ್ಕಾ ನಿಷೇಧವಾದ 2013ರಿಂದೀಚೆಗೆ ಯಾವುದೇ ಪೆಟ್ಟಿ ಅಂಗಡಿಯ ಮುಂದೆ ನಿಂತು ನೋಡಿ: ಪಾನ್ ಮಸಾಲೆಯ ಚೀಟಿ ಒಂದು ಕಡೆ, ತಂಬಾಕಿನ ಚೀಟಿ ಇನ್ನೊಂದು ಕಡೆ ಜೋತಾಡುತ್ತವೆ, ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವಷ್ಟು ಗಣಿತ ನಮ್ಮ ಹುಡುಗರಿಗೆ ಬರುತ್ತದೆ. ಪಂಕ್ಚರ್ ಸಲ್ಯೂಷನ್ ಅನ್ನಂತೂ ಯಾವ ಕಾಯ್ದೆಯೂ ಊರಿನಿಂದ ಆಚೆ ಹಾಕಲಾರದು, ಏಕೆಂದರೆ ಊರಿನಲ್ಲಿ ಸೈಕಲ್ಲುಗಳಿವೆ.

ಇನ್ನು ಭಾಷಣದ ವಿಚಾರ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು ಲೋಕದ ನಾನಾ ದೇಶಗಳ ಅಧ್ಯಯನಗಳನ್ನು ಜಾಲಿಸಿ 2013ರಲ್ಲಿ ಚಟ ತಡೆಯ ಮಾನದಂಡಗಳನ್ನು ಪ್ರಕಟಿಸಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಡನೆ ಸೇರಿ ಅದನ್ನು ಪರಿಷ್ಕರಿಸಿತು. ಶಾಲೆಗಳಲ್ಲಿ ಫಲ ಕೊಡದ ವಿಧಾನಗಳು ಯಾವುವೆಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಬರೀ ಉಪನ್ಯಾಸ, ಹೆದರಿಸುವ ಚಿತ್ರ, ನೀತಿಬೋಧೆ, ಚಟ ಬಿಟ್ಟವರ ಆತ್ಮಕಥನ, ಪೊಲೀಸರಿಂದ ಪಾಠ. ಅಂದರೆ ನಿಮ್ಮ ಊರಿನ ಜೂನ್ 26ರ ಆಹ್ವಾನ ಪತ್ರಿಕೆಯನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿ ಬರೆದಂತಿದೆ. ಅಮೆರಿಕದಲ್ಲಿ 1983ರಿಂದ ಸಮವಸ್ತ್ರ ಧರಿಸಿದ ಪೊಲೀಸರೇ ತರಗತಿಗೆ ಹೋಗಿ ಪಾಠ ಹೇಳುವ ‘ಡೇರ್’ ಎಂಬ ಕಾರ್ಯಕ್ರಮ ನಡೆಯಿತು. ಲಾಸ್ ಏಂಜಲಿಸ್‌ನಲ್ಲಿ ಆರಂಭವಾಗಿ ದೇಶಕ್ಕೆಲ್ಲ ಹಬ್ಬಿತು. ಆರನೆಯ ತರಗತಿಯಲ್ಲಿ ಆ ಪಾಠ ಕೇಳಿದ ಕೆಂಟಕಿ ರಾಜ್ಯದ ಮಕ್ಕಳನ್ನು ಹತ್ತು ವರ್ಷಗಳ ನಂತರ ಹುಡುಕಿ ವಿಚಾರಿಸಿದಾಗ, ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸವೇ ಕಾಣಲಿಲ್ಲ.

ನಿಮ್ಮ ಹುಡುಗ ಪ್ರತಿಜ್ಞೆಯನ್ನು ಸುಳ್ಳಾಗಿ ಓದಿದನೆಂದು ನಾನು ನಂಬುವುದಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನು ಶಾಲೆಯವನಾಗಿದ್ದ, ಆ ಮಾತು ಅವನಿಗೆ ನಿಜವೇ ಆಗಿತ್ತು. ಸಂಜೆ ಐದೂವರೆಗೆ ಅವನು ಯಾರವನೂ ಆಗಿರಲಿಲ್ಲ. ದೆಹಲಿಯ ಏಮ್ಸ್ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನನ್ನ ಗಮನ ಸೆಳೆದದ್ದು ಕೋಟಿಗಳ ಲೆಕ್ಕವಲ್ಲ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಚಟ ಅದರಲ್ಲಿ ಒಂದೇ ಒಂದು, ಮೂಸುವ ಚಟ, ದೊಡ್ಡವರಲ್ಲಿ ಶೇ. 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ ಶೇ. 1.17. ಹೆಂಡಕ್ಕೆ ದುಡ್ಡು ಬೇಕು, ಗಾಂಜಾಕ್ಕೆ ಪರಿಚಯ ಬೇಕು. ಸಲ್ಯೂಷನ್‌ಗೆ ಒಂದಿಷ್ಟು ಚಿಲ್ಲರೆಯೂ ಯಾರೂ ನೋಡದ ಒಂದು ಸಂಜೆಯೂ ಸಾಕು. ಚಿಲ್ಲರೆಯನ್ನು ತಡೆಯುವುದು ಕಷ್ಟ. ಸಂಜೆಯ ಬಗ್ಗೆಯೇ ನಾನು ಹೇಳಹೊರಟಿರುವುದು.

ಐಸ್‌ಲ್ಯಾಂಡ್ ದೇಶದ ಕಥೆ ನೀವು ಕೇಳಿರಬಹುದು. 1998ರಲ್ಲಿ ಅಲ್ಲಿನ ಹದಿನೈದು–ಹದಿನಾರರ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದವರು ಶೇ. 42 ಇದ್ದರು, 2016ರ ಹೊತ್ತಿಗೆ ಶೇ. 5ಕ್ಕೆ ಇಳಿದರು. ದಿನವೂ ಸಿಗರೇಟು ಸೇದುವವರು ಶೇ. 23ರಿಂದ ಶೇ. 3ಕ್ಕೆ ಬಂದರು. ಅಲ್ಲಿಯೂ ಕಾನೂನು ಬಿಗಿಯಾಯಿತು, ಒಪ್ಪುತ್ತೇನೆ. ಹದಿಹರೆಯದವರು ರಾತ್ರಿ ಹತ್ತರ ನಂತರ ಚಳಿಗಾಲದಲ್ಲಿ ಬೀದಿಯಲ್ಲಿ ಇರಬಾರದೆಂಬ ನಿಯಮವೂ ಬಂತು. ಆದರೆ ಅದರ ಜೊತೆಗೆ ಆಟ, ಸಂಗೀತ, ನೃತ್ಯಗಳಿಗೆ ಸರ್ಕಾರ ಹಣ ಸುರಿಯಿತು. ರಾಜಧಾನಿ ರೇಕ್ಯವಿಕ್‌ನಲ್ಲಿ ಮಗುವಿನ ಹವ್ಯಾಸಕ್ಕೆಂದೇ ಪ್ರತಿವರ್ಷ ಮನೆಗೆ ಧನಸಹಾಯ ಕೊಟ್ಟರು. ತಂದೆತಾಯಂದಿರು ವಾರಾಂತ್ಯದ ಸಂಜೆ ಬೀದಿಗಳಲ್ಲಿ ಸುತ್ತು ಹೊಡೆದರು. ಪ್ರತಿ ಶಾಲೆಯ ಸ್ಥಿತಿಯನ್ನು ಸಮೀಕ್ಷೆ ಮಾಡಿ ಆ ಶಾಲೆಗೇ ತಿಳಿಸಿದರು. ನಾಲ್ಕು ಲಕ್ಷವೂ ಜನರಿಲ್ಲದ, ದುಡ್ಡುಳ್ಳ ದೇಶದ ಮಾತನ್ನು ನಮ್ಮ ಹೋಬಳಿಗೆ ಹೇಳುತ್ತೀರಲ್ಲ ಎಂದು ನೀವು ಕೇಳಬಹುದು. ಕೇಳಿ. ಅದಕ್ಕೇ ನಮ್ಮದೇ ನೆಲದ ಒಂದು ಮಾತನ್ನೂ ಎತ್ತುತ್ತೇನೆ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಸು ಕಾಳು ಬೇಡ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂಬುದೇ ಅವರ ಭಿಕ್ಷೆ. ಅವರ ಜನ್ಮದಿನವಾದ ಆಗಸ್ಟ್ 1 ಈಗ ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ದಿನ ನಮ್ಮ ಕಚೇರಿಗಳಲ್ಲಿ ಏನು ಮಾಡುತ್ತಾರೆ ಗೊತ್ತೇ? ಪ್ರತಿಜ್ಞೆ ಬೋಧಿಸುತ್ತಾರೆ. ಮಹಾಂತ ಜೋಳಿಗೆಗೂ ಮೈಕಿನ ಪ್ರತಿಜ್ಞೆಗೂ ಇರುವ ಅಂತರವನ್ನು ನಾವು ಮರೆತಿದ್ದೇವೆ. ಮಠಾಧಿಪತಿಯೊಬ್ಬರು ಮನೆಯ ಹೊಸ್ತಿಲಿಗೆ ಬಂದು, ಹೆಸರು ಹಿಡಿದು, ಬೇಡುವವರಾಗಿ ಕೈಯೊಡ್ಡಿ ನಿಂತಾಗ ಕೊಡುವವನು ದೊಡ್ಡವನಾಗುತ್ತಾನೆ. ಕೊಟ್ಟದ್ದನ್ನು ಕೇರಿಯೆಲ್ಲ ಕಂಡಿರುತ್ತದೆ. ಮಾರನೆಯ ದಿನ ಅಂಗಡಿಯ ಮುಂದೆ ನಿಂತರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿಯೂ ಇದೇ ಸೂತ್ರವಿದೆ: ಊರವರೇ ಸಮಿತಿ ಮಾಡಿಕೊಂಡು, ಊರಿನಲ್ಲಿಯೇ ಕುಡುಕರನ್ನು ದಿನಗಟ್ಟಲೆ ಉಳಿಸಿಕೊಂಡು, ಹೆಂಡತಿ ಮಕ್ಕಳನ್ನೂ ಕರೆಸಿ, ಶಿಬಿರ ಮುಗಿದ ಮೇಲೆಯೂ ಬೆನ್ನು ಬೀಳುತ್ತಾರೆ. ಅಲ್ಲಿ ಭಾಷಣವಿಲ್ಲವೆಂದಲ್ಲ, ಭಾಷಣ ಮುಗಿದ ಮೇಲೆಯೂ ಜನ ಉಳಿದಿರುತ್ತಾರೆ.

ನಾನು ಓದಿದ ಪ್ರೌಢಶಾಲೆಯಲ್ಲಿ ಒಬ್ಬ ಪಿ.ಟಿ. ಮೇಷ್ಟ್ರಿದ್ದರು. ಬೀಡಿಯ ವಿರುದ್ಧ ಅವರು ಒಂದು ಮಾತನ್ನೂ ಆಡಿದ್ದು ನನಗೆ ನೆನಪಿಲ್ಲ; ಅವರೇ ಸೇದುತ್ತಿದ್ದರೋ ಏನೋ. ಆದರೆ ಸಂಜೆ ಆಟ ಮುಗಿದು ಕತ್ತಲಾಗುವಾಗ ಹಾಜರಿ ಕೂಗುತ್ತಿದ್ದರು. ಎರಡು ದಿನ ಕಾಣದ ಹುಡುಗನ ಮನೆಗೆ ಮೂರನೆಯ ದಿನ ಅವರ ಸೈಕಲ್ಲು ಹೋಗುತ್ತಿತ್ತು. ನನ್ನ ಪಕ್ಕದ ಬೆಂಚಿನವನ ತಂದೆ ಸಾರಾಯಿ ಅಂಗಡಿ ನಡೆಸುತ್ತಿದ್ದ. ಹದಿಮೂರಕ್ಕೇ ಹುಡುಗ ರುಚಿ ನೋಡಿದ್ದ. ಮೇಷ್ಟ್ರು ಅವನಿಗೆ ಬುದ್ಧಿ ಹೇಳಲಿಲ್ಲ. ವಾಲಿಬಾಲ್ ನೆಟ್ಟನ್ನು ದಿನವೂ ಕಟ್ಟಿ, ಬಿಚ್ಚಿ, ಮಡಿಸಿ ಮನೆಯಲ್ಲಿ ಇಟ್ಟುಕೊಳ್ಳುವ ಕೆಲಸ ವಹಿಸಿದರು. ಅವನು ಬಾರದಿದ್ದರೆ ಹನ್ನೆರಡು ಹುಡುಗರ ಆಟ ನಿಲ್ಲುತ್ತಿತ್ತು. ಅವನು ಮುಂದೆ ಬಸ್ ಕಂಡಕ್ಟರಾಗಿ ನಿವೃತ್ತನಾದ. ಈಗಲೂ ಹಬ್ಬಹರಿದಿನಗಳಲ್ಲಿ ಕುಡಿಯುತ್ತಾನೆ. ಇಲ್ಲವೆಂದು ಬರೆದರೆ ಅವನೇ ಫೋನು ಮಾಡಿ ಜಗಳ ತೆಗೆಯುತ್ತಾನೆ. ಆದರೆ ಹದಿನಾಲ್ಕು, ಹದಿನೈದು, ಹದಿನಾರು ಎಂಬ ಮೂರು ವರ್ಷಗಳನ್ನು ಆ ನೆಟ್ಟು ದಾಟಿಸಿತು. ಎಷ್ಟು ಎಳೆಯ ವಯಸ್ಸಿನಲ್ಲಿ ಆರಂಭವೋ ಅಷ್ಟು ಗಟ್ಟಿಯಾಗಿ ಚಟ ಹಿಡಿಯುತ್ತದೆ ಎನ್ನುತ್ತಾರೆ ವೈದ್ಯರು. ಮೂರು ವರ್ಷ ಮುಂದೂಡಿದರೆ ಅರ್ಧ ಗೆದ್ದಂತೆ.

ಆ ನೆಟ್ಟು ಈಗ ಎಲ್ಲಿದೆ, ಮೇಷ್ಟ್ರೇ? ಪಿ.ಟಿ. ಅವಧಿಯನ್ನು ಗಣಿತದವರೂ ವಿಜ್ಞಾನದವರೂ ಹಂಚಿಕೊಂಡಿದ್ದಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ನೋಟಿಸು ಬರುತ್ತದೆ, ಮೈದಾನ ಖಾಲಿಯಾದರೆ ಯಾರಿಗೂ ನೋಟಿಸಿಲ್ಲ. ಪಿ.ಟಿ. ಮೇಷ್ಟ್ರು ನಿವೃತ್ತರಾದರೆ ಆ ಹುದ್ದೆ ವರ್ಷಗಟ್ಟಲೆ ಖಾಲಿ. ಇದ್ದರೂ ಅವರು ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿಗಳಲ್ಲಿ ಮುಳುಗಿರುತ್ತಾರೆ. ನಮ್ಮ ಕಚೇರಿಯ ಬೀದಿಯಲ್ಲಿಯೇ ಮದುವೆ ಮಂಟಪದ ಮೂರನೆಯ ಮಹಡಿಯಲ್ಲಿ ಒಂದು ಪ್ರೌಢಶಾಲೆಯಿದೆ; ಅಲ್ಲಿನ ಮಕ್ಕಳಿಗೆ ಓಡುವುದೆಂದರೆ ಮೆಟ್ಟಿಲು ಇಳಿಯುವುದು. ಇತ್ತ 2025–26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಕೊಟ್ಟ ಸರ್ಕಾರವೇ ಮದ್ಯಪಾನ ಸಂಯಮ ಮಂಡಳಿಯನ್ನೂ ನಡೆಸುತ್ತದೆ. ಎಡಗೈ ಸುರಿದದ್ದನ್ನು ಬಲಗೈ ಕರವಸ್ತ್ರದಿಂದ ಒರೆಸುವ ಬಗೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಂಗಸರು ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರಲ್ಲ, ಅವರು ಹೊರಟದ್ದು ನಿಮ್ಮ ಚಿತ್ರದುರ್ಗದಿಂದಲೇ. ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಜಾಥಾ ಹೋಗುವ ದಾರಿಯಲ್ಲಿ ಮದ್ಯದಂಗಡಿಗಳೆಷ್ಟು ಎಂದು ಅವರನ್ನು ಕೇಳಿದರೆ ಸರಿಯಾದ ಸಂಖ್ಯೆ ಹೇಳಿಯಾರು.

ಟಿಸಿ ಮತ್ತು ಮೂತ್ರ ಪರೀಕ್ಷೆಯ ಸಲಹೆಗೆ ನಾನು ಸ್ವಲ್ಪ ಕಟುವಾಗಿಯೇ ಉತ್ತರಿಸಬೇಕಾಗಿದೆ, ಕ್ಷಮಿಸಿ. 1985ರ ಮಾದಕ ವಸ್ತು ಕಾಯ್ದೆ ಕಠಿಣವೆಂದು ಹೆಸರಾದದ್ದು. ಅಂಥ ಕಾಯ್ದೆಯೂ ತನ್ನ 64ಎ ಕಲಮಿನಲ್ಲಿ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ಬಿಡುಗಡೆ ಕೊಡುತ್ತದೆ. ಕಾನೂನು ತೆರೆದಿಟ್ಟ ಬಾಗಿಲನ್ನು ಶಾಲೆ ಮುಚ್ಚಬೇಕೆನ್ನುತ್ತೀರಾ? ಒಂಬತ್ತನೆಯ ತರಗತಿಯ ಹುಡುಗನ ಕೈಗೆ ಟಿಸಿ ಕೊಟ್ಟರೆ ಅವನಿಗೆ ಸಂಜೆಯ ಜೊತೆಗೆ ಬೆಳಗೂ ಮಧ್ಯಾಹ್ನವೂ ಬಿಡುವಾಗುತ್ತದೆ, ಅಷ್ಟೆ. ಆ ಮೂವರು ಹುಡುಗರ ಮನೆಗಳಿಗೆ ನೀವೇ ಹೋಗಿ, ದಯವಿಟ್ಟು ಪಂಚಾಯಿತಿಯನ್ನು ಕರೆದುಕೊಂಡು ಹೋಗಬೇಡಿ. ಮೂಸುವ ಚಟ ಎಳೆಯ ಮಿದುಳಿಗೂ ಹೃದಯಕ್ಕೂ ಅಪಾಯಕಾರಿ, ತಡಮಾಡುವಂಥದ್ದಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, 14446 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ.

ಪತ್ರಿಕೆಯ ಮೌನದ ಬಗ್ಗೆ ನೀವು ಕೇಳಿದ್ದಕ್ಕೆ ತಪ್ಪೊಪ್ಪಿಗೆಯೊಂದಿದೆ. ಕೆಲವು ವರ್ಷಗಳ ಹಿಂದೆ ನಮ್ಮ ದೀಪಾವಳಿ ವಿಶೇಷಾಂಕದ ಹಿಂಬದಿಯ ರಕ್ಷಾಪುಟದಲ್ಲಿ ಪಾನ್ ಮಸಾಲೆ ಕಂಪನಿಯೊಂದರ ‘ಏಲಕ್ಕಿ’ಯ ಜಾಹೀರಾತು ಬಂದಿತ್ತು. ಏಲಕ್ಕಿಯ ಹೆಸರಿನಲ್ಲಿ ಮಾರುತ್ತಿರುವುದು ಏನೆಂದು ನನಗೂ ಗೊತ್ತಿತ್ತು, ಕಾಗದದ ಬೆಲೆಯೂ ಗೊತ್ತಿತ್ತು. ಆಗ ಒಬ್ಬ ಓದುಗರು ಬರೀ ಒಂದು ಸಾಲಿನ ಕಾರ್ಡು ಬರೆದಿದ್ದರು: ‘ಮುಂದಿನ ಪುಟ ನೀವು ಓದಿದ್ದೀರಿ, ಹಿಂದಿನ ಪುಟ ನಮ್ಮ ಮಕ್ಕಳು ಓದುತ್ತಾರೆ.’ ಅದಾದ ಮೇಲೆ ಅಂಥ ಜಾಹೀರಾತು ಪಡೆದಿಲ್ಲ. ಆ ಕಾರ್ಡು ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಕೊನೆಯದಾಗಿ, ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಶಾಲೆಯ ಶಿಸ್ತಿಗೆ ಉದಾಹರಣೆಯಾಗಿ, ನೀವೊಂದು ಮಾತು ಬರೆದಿದ್ದೀರಿ: ಹುಡುಗರು ಹಾಳುಮಾಡುತ್ತಾರೆಂದು ಸಂಜೆ ನಾಲ್ಕೂವರೆಗೆ ಸರಿಯಾಗಿ ಮೈದಾನದ ಗೇಟಿಗೆ ಬೀಗ ಹಾಕುವ ಪದ್ಧತಿಯನ್ನು ನಿಮ್ಮ ಕಾಲದಲ್ಲಿ ತಂದಿರೆಂದೂ, ಅದು ಇಂದಿಗೂ ನಡೆಯುತ್ತಿದೆಯೆಂದೂ. ಆ ಮೂವರು ಕುಳಿತಿದ್ದದ್ದು ಆ ಮೈದಾನದ ಗೋಡೆಯ ಆಚೆಯಲ್ಲವೇ? ನೀವು ಕೇಳಿದರೆ ಶಾಲಾಭಿವೃದ್ಧಿ ಸಮಿತಿಯವರು ಇಲ್ಲವೆನ್ನಲಾರರು. ಅವರಲ್ಲಿ ಅರ್ಧ ಜನ ನಿಮ್ಮ ಶಿಷ್ಯರೇ ಆಗಿರುತ್ತಾರೆ. ಆ ಬೀಗದ ಕೀಲಿ ಸದ್ಯ ಯಾರ ಬಳಿ ಇದೆ, ಸಂಜೆ ಏಳರವರೆಗೆ ಅದು ನಿಮ್ಮ ಕೈಗೆ ಸಿಕ್ಕೀತೇ ಎಂದು ತಿಳಿಸಿ. ಒಂದು ನೆಟ್ಟು, ಎರಡು ವಾಲಿಬಾಲು ನಮ್ಮ ಕಚೇರಿಯಿಂದ ಕಳುಹಿಸುತ್ತೇವೆ. ನೆಟ್ಟನ್ನು ಯಾವ ಹುಡುಗನ ಮನೆಯಲ್ಲಿ ಇಡಬೇಕೆಂಬುದನ್ನು ನೀವೇ ಬಲ್ಲಿರಿ.

— ಸಂಪಾದಕ