ಪ್ರಶಸ್ತಿ ಪಟ್ಟಿ ಸಾಕು, ಕೆಲಸದ ಬಗ್ಗೆ ಬರೆಯಿರಿ

ನಮಸ್ಕಾರ.

ಅಸ್ಸಾಮಿನ ನಿರ್ದೇಶಕಿ ರೀಮಾ ದಾಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ನೋಡುತ್ತೇನೆ.

ಮೊದಲ ಪುಟದ ತುಂಬ ಪ್ರಶಸ್ತಿ, ಚಿತ್ರೋತ್ಸವಗಳ ಹೆಸರು. ಜೊತೆಗೆ ‘ಅಪ್ರತಿಮ ಪ್ರತಿಭೆ’, ‘ಸಾಧನೆಯ ಶಿಖರ’. ಈ ಮಾತನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ? ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ. ಛಯಗಾಂವ್ ಹತ್ತಿರದ ತಮ್ಮೂರಿಗೆ ಹೋಗಿ, ಅಲ್ಲಿನ ಮಕ್ಕಳನ್ನೇ ಇಟ್ಟುಕೊಂಡು ‘ವಿಲೇಜ್ ರಾಕ್‌ಸ್ಟಾರ್ಸ್’ ಚಿತ್ರ ಮಾಡಿದರು ಅನ್ನುವಲ್ಲಿ. ಅದಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು!

ಅಲ್ಲಿ ನಿಲ್ಲಿ. ನಟಿಯಾಗಲು ಮುಂಬೈಗೆ ಹೋದವರು, ಸಿನಿಮಾ ಶಾಲೆಯಲ್ಲಿ ಕಲಿಯದವರು, ಕ್ಯಾಮೆರಾ ಹಿಡಿದದ್ದು ಹೇಗೆ? ಲೈಟು ಬಿಟ್ಟು ಬಿಸಿಲನ್ನೇ ನಂಬಿದರೆ ದಿನದಲ್ಲಿ ಎಷ್ಟು ಹೊತ್ತು ಕೆಲಸ ನಡೆಯುತ್ತದೆ? ಚಿತ್ರದಲ್ಲಿ ಬರುವ ಪ್ರವಾಹಕ್ಕೆ ಕಾಲ್‌ಶೀಟ್ ಕೊಟ್ಟು ಕರೆಸಲು ಆಗುವುದಿಲ್ಲ, ಬರುವವರೆಗೆ ಕಾಯಬೇಕು. ಚಿತ್ರಕ್ಕೆ ವರ್ಷಗಳೇ ಹಿಡಿದವು. ದೊಡ್ಡ ತಂಡಕ್ಕೆ ದಿನಾ ಭತ್ಯೆ ಕೊಡಬೇಕಿದ್ದರೆ ಇಷ್ಟು ಕಾಯುವುದು ಕಷ್ಟ. ದುಡ್ಡಿಲ್ಲದ್ದನ್ನು ನೀವು ಬರೀ ಕಷ್ಟ ಅಂತ ಬರೆದಿದ್ದೀರಿ. ಚಿಕ್ಕ ತಂಡ ಅವರಿಗೆ ಸಮಯ ಕೊಟ್ಟಿತು ಅಂತ ನನಗನ್ನಿಸುತ್ತದೆ.

ಎರಡು ತಪ್ಪುಗಳಿವೆ. ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು ಎಂದಿದ್ದೀರಿ. ಇಲ್ಲ. 2018ರಲ್ಲಿ ಭಾರತ ಅದನ್ನು ತನ್ನ ಚಿತ್ರವಾಗಿ ಸ್ಪರ್ಧೆಗೆ ಕಳಿಸಿತ್ತು, ಅಷ್ಟೇ; ನಾಮನಿರ್ದೇಶಿತ ಚಿತ್ರಗಳ ಅಂತಿಮ ಪಟ್ಟಿಗೆ ಅದು ಬರಲಿಲ್ಲ. ಇನ್ನೊಂದು, ‘ಎಲ್ಲವನ್ನೂ ಒಬ್ಬರೇ ಮಾಡಿದರು’ ಅನ್ನುವ ಮಾತು. ಬರವಣಿಗೆ, ನಿರ್ದೇಶನ, ನಿರ್ಮಾಣ, ಕ್ಯಾಮೆರಾ, ಸಂಕಲನ ಅವರದೇ, ನಿಜ. ಆದರೆ ಸ್ಥಳದಲ್ಲಿ ಧ್ವನಿ ಹಿಡಿದವರು ಮಲ್ಲಿಕಾ ದಾಸ್. ಚಿತ್ರಕ್ಕೆ ಬಂದ ನಾಲ್ಕು ರಾಷ್ಟ್ರಪ್ರಶಸ್ತಿಗಳಲ್ಲಿ ಒಂದು ಅವರದು, ಇನ್ನೊಂದು ಚಿತ್ರದ ಮುಖ್ಯ ಪಾತ್ರ ಧುನುವನ್ನು ಮಾಡಿದ ಹುಡುಗಿ ಭನಿತಾ ದಾಸ್‌ಗೆ ಬಂದದ್ದು. ಇಷ್ಟುದ್ದದ ಪ್ರಶಸ್ತಿ ಪಟ್ಟಿ ಕೊಟ್ಟೂ ಇವರಿಬ್ಬರನ್ನೇ ಬಿಟ್ಟಿದ್ದೀರಲ್ಲ!

ಗಿಟಾರ್ ಬೇಕೆನ್ನುವ ಧುನು ಕಥೆಯನ್ನು ಕೊನೆಯವರೆಗೂ ಹೇಳಿಬಿಟ್ಟಿದ್ದೀರಿ. ಬೇಡ, ಓದುಗರು ಚಿತ್ರ ನೋಡಲಿ. ಬದಲಿಗೆ 2018ರ ‘ಬುಲ್ಬುಲ್ ಕ್ಯಾನ್ ಸಿಂಗ್’ ಬಗ್ಗೆ ಬರೆಯಿರಿ. ಹದಿಹರೆಯದವರ ಪ್ರೀತಿಯ ಮೇಲೆ ಊರು ಹೇಗೆ ಕಾವಲು ಕೂರುತ್ತದೆ ಅಂತ ಅದರಲ್ಲಿದೆ. ಹಳ್ಳಿ ಅಂದರೆ ಸುಮ್ನೆ ಚೆಂದ ಅಂತ ನೀವು ಬರೆದ ಪ್ಯಾರಾ ಆಮೇಲೆ ನಿಮಗೇ ಒಪ್ಪಿಗೆಯಾಗಲಿಕ್ಕಿಲ್ಲ.

ಸಾವಿರ ಪದ ಮೀರಬೇಡಿ. ಫೋಟೊ ಕಳಿಸುವುದಾದರೆ ಯಾರ ಅನುಮತಿ ಪಡೆದಿದ್ದೀರಿ ಎಂದೂ ತಿಳಿಸಿ.

— ಸಂಪಾದಕ